ಬೀಡಿ ಕೀಳುವ ನೀಲವ್ವ

ಪರಗಂಡಸರ ಬಾಯಿಗೆ ಕೈಹಾಕುವ ಹೆಂಗಸು ಎಂದು ನನ್ನ ದೊಡ್ಡವ್ವ ನೀಲವ್ವ ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಹೆಸರಾಗಿದ್ದಳು. ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಪೇಟೆಯ ಅಂಗಳದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಸಾಕು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ನೀರಿನ ತಂಬಿಗೆ ಹಿಡಿದು ಅವನ ಎದುರಿಗೆ ಬಂದು ನಿಲ್ಲುತ್ತಿದ್ದಳು. ಕೂಸಿನ ಬಾಯೊಳಗಿನ ಮಣ್ಣು ತೆಗೆಯುವ ಹಾಗೆ ಎರಡು ಬೆರಳಿನಿಂದ ಬೀಡಿಯನ್ನು ಎಳೆದು, ತಂಬಿಗೆಯಲ್ಲಿ ಅದ್ದಿ, ನೀರು ಸೋರುವ ಆ ತುಂಡನ್ನು ಅವನ ಕೈಗೇ ಮರಳಿ ಕೊಡುತ್ತಿದ್ದಳು.

“ತಗೋಪಾ ನಿಂದು ನೀನು. ಮಂದಿ ಸಾಮಾನ ನನಗ್ಯಾಕ.”

ಚಕ್ಕಡಿ ಹೊಡೆಯುವ ಗಟ್ಟಿಮುಟ್ಟಾದ ಗಂಡಸರು ತುಟಿ ಒರೆಸಿಕೊಂಡು ಸುಮ್ಮನಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಉಳಿದುದರಲ್ಲಿ ನಾನು ಕಣ್ಣಾರೆ ಕಂಡದ್ದು ಎಷ್ಟು, ಕೇಳಿ ಕೇಳಿ ನನ್ನದು ಮಾಡಿಕೊಂಡದ್ದು ಎಷ್ಟು ಎಂಬುದು ಈಗ ಬೇರ್ಪಡಿಸಲು ಬಾರದಂತೆ ಕೂಡಿಹೋಗಿದೆ. ಕಾಲೇಜು ಸೇರಿದ ಮೇಲೆ ದಿನಚರಿ ಬರೆಯುವ ಚಟ ಹತ್ತಿತು ನಿಜ. ಆದರೆ ಆ ವಯಸ್ಸಿನಲ್ಲಿ ನಾನು ಬರೆದದ್ದು ಓದಿದ ಪುಸ್ತಕಗಳ ಬಗ್ಗೆ, ದೇಶದ ಬಗ್ಗೆ, ಬಹುಮಟ್ಟಿಗೆ ನನ್ನ ಬಗ್ಗೆ. ದೊಡ್ಡವ್ವನಂಥವರು ಬರೆದಿಡಬೇಕಾದವರು ಎಂದು ಯಾರಿಗೆ ತೋಚುತ್ತದೆ? ಆದ್ದರಿಂದ ಸಂದೇಹ ಬಂದಲ್ಲಿ ಸಂದೇಹವೆಂದೇ ಬರೆಯುತ್ತೇನೆ.

ದೊಡ್ಡಪ್ಪ ಶಿವಪ್ಪನವರಿಗೆ ಪೇಟೆಯಲ್ಲಿ ಅಡತಿ ಅಂಗಡಿ ಇತ್ತು. ರೈತರು ತಂದ ಹತ್ತಿಯನ್ನು ಇಳಿಸಿಕೊಂಡು, ಒಳ್ಳೆಯ ದರ ಬಂದಾಗ ಮಾರಿಸಿಕೊಡುವ ಕೆಲಸ. ಎಲೆ-ಅಡಿಕೆ ಬಿಟ್ಟರೆ ಬೇರೆ ಚಟವಿಲ್ಲದ, ಮೆಲುದನಿಯ ಮನುಷ್ಯ. ಪಕ್ಕದ ಅಂಗಡಿ ವೀರಭದ್ರಪ್ಪ ಸಾವ್ಕಾರರದು. ಅವರ ಎಡಗೈಯಲ್ಲಿ ಹೆಬ್ಬೆರಳು ಗಾತ್ರದ ಚುಟ್ಟಾ ಸದಾ ಉರಿಯುತ್ತಿರುತ್ತಿತ್ತು. ಹತ್ತಿ ತುಂಬಿದ ದೊಡ್ಡ ಮೂಟೆಗಳ, ಆ ಅಂಡಿಗೆಗಳ ಮೇಲೆಯೇ ಕುಳಿತು ಸೇದುವರು, ಮಾತಿನ ಭರದಲ್ಲಿ ಅಲ್ಲೇ ಬೂದಿ ಕೊಡಹುವರು. ಆಗ ಕೇಳುವ ಕಾಯ್ದೆ ಇರಲಿಲ್ಲ, ಕೇಳುವ ಎದೆಯೂ ಯಾರಿಗೂ ಇರಲಿಲ್ಲ.

ನಾನಿನ್ನೂ ಸಾಲಿ ಹುಡುಗನಾಗಿದ್ದಾಗ ಒಂದು ಬೇಸಿಗೆಯ ಮಧ್ಯಾಹ್ನ ದೊಡ್ಡಪ್ಪನ ಅಂಗಡಿ ಮುಂದೆ ಒಟ್ಟಿದ್ದ ಅಂಡಿಗೆಗಳಿಗೆ ಬೆಂಕಿ ಬಿತ್ತು. ಹತ್ತಿಯ ಬೆಂಕಿ ಮೊದಲು ಕಾಣುವುದಿಲ್ಲ. ಒಳಗೊಳಗೇ ತಿಂದು, ಕಂಡಾಗ ಎಲ್ಲಾ ಮುಗಿದಿರುತ್ತದೆ. ನೀರು ಹೊತ್ತು ಸುಸ್ತಾದ ಮಂದಿ ಕಪ್ಪು ರಾಶಿಯ ಸುತ್ತ ನಿಂತಿದ್ದಾಗ ಸಾವ್ಕಾರರು ಎಲ್ಲರಿಗೂ ಕೇಳುವಂತೆ ಒಂದು ಮಾತು ಅಂದರು. “ಶಿವಪ್ಪನ ಬೀಡಿಯಿಂದ ಹತ್ತೇತಿ. ನಾ ಕಣ್ಣಿಲೆ ನೋಡೇನಿ.”

ಜನ್ಮದಲ್ಲಿ ಬೀಡಿ ಮುಟ್ಟದ ದೊಡ್ಡಪ್ಪ ಬಾಯಿ ತೆರೆದರೂ ಶಬ್ದ ಹೊರಡಲಿಲ್ಲವಂತೆ. ಅವರಿಗೆ ಬುತ್ತಿ ತಂದಿದ್ದ ದೊಡ್ಡವ್ವ ಅಲ್ಲೇ ಇದ್ದಳು. ಸಾವ್ಕಾರರು ಆ ಅಂಡಿಗೆಗಳ ಮೇಲೆ ಕುಳಿತು ಚುಟ್ಟಾ ಕೊಡಹಿದ್ದನ್ನು ತಾನು ಕಂಡೆನೆಂದು ಅವಳು ಕೂಗಿ ಹೇಳಿದಳು. “ಹೆಣ್ಮಗಳು ಗಂಡನ ಪರ ಮಾತಾಡದ ಮತ್ಯಾರ ಪರ ಮಾತಾಡ್ತಾಳ?” ಎಂದು ಯಾರೋ ನಕ್ಕರಂತೆ. ಅಷ್ಟೇ ವಿಚಾರಣೆ.

ಅಂದಿನಿಂದ ದೊಡ್ಡಪ್ಪನ ಅಂಗಡಿಗೆ ಒಂದು ಚಕ್ಕಡಿಯೂ ಬರಲಿಲ್ಲ. ತಮ್ಮ ವರ್ಷದ ಬೆಳೆಯನ್ನು ಬೀಡಿಗೆ ಸುಟ್ಟವನ ಹತ್ತಿರ ಯಾರು ಬರುತ್ತಾರೆ? ದೊಡ್ಡಪ್ಪ ಮನೆ ಹಿಡಿದು ಕುಳಿತರು. ಮಾತು ಬಿಟ್ಟರು, ಆಮೇಲೆ ಊಟ ಬಿಟ್ಟರು, ಮುಂದಿನ ಯುಗಾದಿ ನೋಡಲಿಲ್ಲ.

ದೊಡ್ಡವ್ವ ಅತ್ತದ್ದು ನನಗೆ ನೆನಪಿಲ್ಲ. ಅತ್ತಿರಲೇಬೇಕು. ನೆನಪಿರುವುದು ಹಿತ್ತಲ ಕಲ್ಲಿನ ಮೇಲೆ ಕುಳಿತು ನನ್ನ ಅವ್ವನಿಗೆ ಅವಳು ಹೇಳಿದ್ದು: “ಎಲ್ಲಾರ ಮುಂದ ಅಂದಾನ. ಎಲ್ಲಾರ ಮುಂದ ‘ನಂದು ಚುಟ್ಟಾ’ ಅನಬೇಕು ಅಂವಾ. ಅನಸದ ನಾ ಸಾಯೂದಿಲ್ಲ.”

ಅನ್ನಿಸುವುದು ಹೇಗೆ? ಹೊಡೆಯಲು ಗಂಡಸಿಲ್ಲ, ಕೋರ್ಟಿಗೆ ಸಾಕ್ಷಿಯಿಲ್ಲ. ದೊಡ್ಡವ್ವ ಹಿಡಿದದ್ದು ಬೇರೆ ದಾರಿ. ಪೇಟೆಯ ಕಾರಭಾರ ನೋಡುವ ಕಮಿಟಿಯ ಮೆಂಬರುಗಳು ಊಟ ಮಾಡಿ ಮಲಗುವ ಹೊತ್ತಿಗೆ ಅವರ ಮನೆಗಳ ಹಿತ್ತಲ ಬಾಗಿಲಿಗೆ ಹೋಗುತ್ತಿದ್ದಳು. ಮೆಂಬರುಗಳ ಜೊತೆ ಒಂದು ಸಲವೂ ಮಾತಾಡಲಿಲ್ಲ. ಅವರ ಹೆಂಡಂದಿರ ಜೊತೆ ಕುಳಿತು ಸೊಪ್ಪು ಸೋಸುತ್ತ, ಅಕ್ಕಿ ಹಸನು ಮಾಡುತ್ತ ಬೆಂಕಿಯ ಕತೆ ಹೇಳುವಳು. “ನಾಳಿ ನಿನ್ನ ಗಂಡಗ ರೊಟ್ಟಿ ನೀಡಬೇಕಾದ್ರ ಕೇಳವಾ, ಪ್ಯಾಟಿ ಸುಟ್ಟ ಮರುದಿನ ಗಂಗಾಳದಾಗ ಏನ ನೀಡ್ಲಿ ಅಂತ.” ಮೆಂಬರುಗಳು ಎಷ್ಟು ದಿನ ಆ ರೊಟ್ಟಿ ತಿಂದರೋ ತಿಳಿಯದು. ಕೊನೆಗೆ ಒಂದು ದಿನ ಕಮಿಟಿ ಕಾಯ್ದೆ ಮಾಡಿತು: ಪೇಟೆಯ ಅಂಗಳದಲ್ಲಿ, ಮುಂದಿನ ಹಾದಿಯಲ್ಲಿ, ಚಕ್ಕಡಿ ನಿಲ್ಲುವ ಬಯಲಿನಲ್ಲಿ ಬೀಡಿ, ಚುಟ್ಟಾ, ಚಿಲುಮೆ ಸೇದಕೂಡದು; ಸೇದಿದವರಿಗೆ ದಂಡ.

ತಮಾಷೆ ಎಂದರೆ ಆ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕಾಯ್ದೆ ಬೇಕೆಂದವರು ವೀರಭದ್ರಪ್ಪ ಸಾವ್ಕಾರರು. “ಈ ಚಕ್ಕಡಿ ಹೊಡಿಯೋ ಮಂದೀಗಿ ಬುದ್ಧಿ ಇಲ್ರಿ. ದಂಡಾ ಹಾಕದ ಹಾದೀಗಿ ಬರೂದಿಲ್ಲ.” ಕಾಯ್ದೆ ತಮ್ಮಂಥವರಿಗೂ ತಾಗುತ್ತದೆಂದು ಅವರ ಕನಸಿನಲ್ಲೂ ಬಂದಿರಲಾರದು.

ಪೇಟೆಯ ಬಾಗಿಲಲ್ಲಿ ಕಾಯ್ದೆಯ ಹಲಗೆ ನೇತುಹಾಕಿದ ದಿನ ದೊಡ್ಡವ್ವ ನನ್ನನ್ನು ಕರೆದುಕೊಂಡು ಹೋಗಿ ಓದಿಸಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

“ಬೀಡಿ ಇರಲಿ. ಚುಟ್ಟಾ ಅಂತ ಬರದಾರೇನ ನೋಡು.”

“ಬರದಾರ ದೊಡ್ಡವ್ವಾ.”

“ಎಲ್ಲೈತಿ? ಬಟ್ಟ ಇಟ್ಟು ತೋರಸು.”

ಬೆರಳಿಟ್ಟು ತೋರಿಸಿದೆ. ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

ಪೇಟೆಯ ಸಿಪಾಯಿ ಚಕ್ಕಡಿಯವರಿಗೆ ದಂಡ ಹಾಕುವನು, ಸಾವ್ಕಾರರ ಚುಟ್ಟಾ ಕಂಡರೆ ಆಕಾಶ ನೋಡುವನು. ದೊಡ್ಡವ್ವ ಬೀಡಿ ಕೀಳತೊಡಗಿದ್ದು ಆಗ. ಬಡವರ ಬೀಡಿಯನ್ನೇ ಏಕೆ ಕೀಳುತ್ತೀ, ಅವರು ನಿನಗೇನು ಮಾಡಿದ್ದಾರೆ ಎಂದು ಕಾಲೇಜು ಹುಡುಗನ ಗತ್ತಿನಲ್ಲಿ ನಾನು ಒಮ್ಮೆ ಕೇಳಿದ್ದೆ. “ನಾಳಿ ಆ ಸಾವ್ಕಾರನ ಮ್ಯಾಲ ಕೈ ಹಾಕಿದಾಗ, ಇಕೀ ಅವನೊಬ್ಬನ್ನ ಕಾಡಾಕತ್ತಾಳ ಅಂತ ಯಾರೂ ಅನಬಾರದು ತಮ್ಮಾ,” ಎಂದಳು. ಎಂಥ ತಾಳ್ಮೆಯ ಹಗೆ! ನಾನು ಓದಿದ ಯಾವ ಪುಸ್ತಕದಲ್ಲೂ ಅಂಥ ತಾಳ್ಮೆಯನ್ನು ಕಂಡಿರಲಿಲ್ಲ.

ಈಗ ಆ ದಿನದ ಮಾತು. ಅಲ್ಲಿ ನಾನಿದ್ದೆ ಎಂದೇ ನನ್ನ ನಂಬಿಕೆ. ಅವ್ವ ಒಪ್ಪುವುದಿಲ್ಲ, ನೀನು ಆಗ ಧಾರವಾಡದಲ್ಲಿ ಪರೀಕ್ಷೆ ಬರೆಯುತ್ತಿದ್ದೆ ಎನ್ನುತ್ತಾಳೆ. ನನ್ನ ಕಣ್ಣಿಗೆ ಸಾವ್ಕಾರರ ಹೆಗಲ ಟವೆಲ್ ಕೆಂಪಗೆ ಕಾಣುತ್ತದೆ, ಅವ್ವ ಬಿಳಿಯದು ಎನ್ನುತ್ತಾಳೆ. ಉಳಿದುದರಲ್ಲಿ ಇಬ್ಬರಿಗೂ ಭೇದವಿಲ್ಲ.

ಹತ್ತಿ ವ್ಯಾಪಾರದಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಬಲಗೈಗಳನ್ನು ಒಂದು ಟವೆಲಿನ ಕೆಳಗೆ ಸೇರಿಸುವರು. ಬೆರಳು ಒತ್ತಿದ್ದೇ ಲೆಕ್ಕ, ಸುತ್ತಲಿನವರಿಗೆ ಏನೂ ಕಾಣುವುದಿಲ್ಲ. ದರ ಕುದುರುವವರೆಗೆ, ಇಲ್ಲವೆ ಮಾರುವವನು ಸಾಕೆನ್ನುವವರೆಗೆ, ಕೊಳ್ಳುವವನು ಕೈ ಎಳೆದುಕೊಳ್ಳುವಂತಿಲ್ಲ. ಎಳೆದುಕೊಂಡರೆ ಮಾತಿಗೆ ತಪ್ಪಿದವನು ಎಂದೇ ಅರ್ಥ, ಆಮೇಲೆ ಅವನ ಟವೆಲಿನ ಕೆಳಗೆ ಯಾರೂ ಕೈ ಇಡುವುದಿಲ್ಲ.

ದೊಡ್ಡವ್ವನಿಗೆ ತವರಿನಿಂದ ಬಂದ ತುಸು ಹೊಲ ಅಮ್ಮಿನಬಾವಿಯಲ್ಲಿತ್ತು. ಆ ವರ್ಷದ ಹತ್ತಿಯನ್ನು ಯಾವ ಅಡತಿಗೂ ಒಪ್ಪಿಸದೆ ಚಕ್ಕಡಿಯ ಜೊತೆ ತಾನೇ ಪೇಟೆಯ ನಡುವೆ ಬಂದು ನಿಂತಳು. ಹತ್ತಿ ಚಲೋ ಇತ್ತು. ಸಾವ್ಕಾರರು ಚುಟ್ಟಾ ಸೇದುತ್ತ ಬಂದು ಒಂದು ಹಿಡಿ ಎಳೆದು ನೋಡಿದರು. ಉದುರಿದ ಅರಳೆ ಅವರ ಕಾಲ ಸುತ್ತ ಹರಡಿತ್ತು.

“ಯಾರ ಕೂಡ ಭಾವು ಮಾಡೂದವಾ?” ಎಂದರು.

“ನನ್ನ ಕೂಡ.”

ಸುತ್ತಲಿನವರು ನಕ್ಕರು. ಹೆಂಗಸಿನ ಕೈ ಟವೆಲಿನ ಕೆಳಗೆ ಹೋದದ್ದನ್ನು ಆ ಪೇಟೆ ಕಂಡಿರಲಿಲ್ಲ.

“ಯಾಕ್ರಿ ಸಾವ್ಕಾರ, ಮುದುಕಿ ಕೈಗೆ ಅಂಜತೀರೇನು?” ಎಂದಳು ದೊಡ್ಡವ್ವ. ಮತ್ತೆ ನಗೆ. ಸಾವ್ಕಾರರೂ ನಕ್ಕು, ಹೆಗಲ ಮೇಲಿನ ಟವೆಲ್ ತೆಗೆದು ಹಾಸಿ, ಬಲಗೈ ಒಳಗಿಟ್ಟರು.

ಅವರು ಬೆರಳು ಒತ್ತಿದರು. ದೊಡ್ಡವ್ವ ತಲೆಯಾಡಿಸಿದಳು. ಮತ್ತೆ ಒತ್ತಿದರು, ಮತ್ತೆ ತಲೆಯಾಡಿಸಿದಳು. ಹೀಗೇ ನಡೆಯಿತು. ಎಡಗೈಯ ಚುಟ್ಟಾ ಗಿಡ್ಡವಾಗುತ್ತ ಬಂತು. ಬೂದಿ ಬಾಗಿ ನಿಂತದ್ದನ್ನು ಕಂಡು ಸಾವ್ಕಾರರು ಕೆಳಗೆ ನೋಡಿದರು. ಎಲ್ಲಿ ನೋಡಿದರೂ ಅರಳೆ.

“ಬಸಪ್ಪಾ, ಇದನ್ನೊಂದೀಟು ಹಿಡಿ,” ಎಂದರು ತಮ್ಮ ಆಳಿಗೆ.

ಬಸಪ್ಪ ಹಿಂದೆ ಸರಿದ. “ಬ್ಯಾಡ್ರಿ ಧಣಿ. ನಾ ಹಿಡದ್ರ ದಂಡಾ ನನಗ ಬೀಳ್ತೈತಿ. ಕಾಯ್ದೆ ಐತಲ್ರಿ.”

“ಯಾರರ ತಗೋರ್ಲೇ.”

ಚಕ್ಕಡಿಯವರಲ್ಲಿ ಒಬ್ಬ, ಬಹುಶಃ ಹಿಂದಿನ ವಾರವಷ್ಟೇ ಒದ್ದೆ ಬೀಡಿ ಮರಳಿ ಪಡೆದವನು, ಬಹಳ ವಿನಯದಿಂದ ಹೇಳಿದ. “ನಾವು ಬುದ್ಧಿ ಇಲ್ಲದ ಮಂದಿರಿ. ನಮ್ಮ ಕೈಯಾಗ ಬೆಂಕಿ ಕೊಡಬ್ಯಾಡ್ರಿ.”

ತಂಬಿಗೆ ದೊಡ್ಡವ್ವನ ಕಾಲ ಬಳಿಯೇ ಇತ್ತು. ಸಾವ್ಕಾರರ ಕಣ್ಣು ಅದರ ಮೇಲೆ ಬಿದ್ದದ್ದನ್ನು ಕಂಡು ಅವಳು ಅದನ್ನು ಹಿಮ್ಮಡಿಯಿಂದ ಚಕ್ಕಡಿ ಗಾಲಿಯ ಹಿಂದಕ್ಕೆ ಸರಿಸಿದಳು.

“ನೀರ ಕೊಡ್ತೇನ್ರಿ. ಭಾವು ಆಮ್ಯಾಲ. ಮೊದಲ ಇಷ್ಟ ಹೇಳ್ರಿ. ಆವತ್ತ ಹತ್ತೀಗಿ ಬಿದ್ದದ್ದು ಯಾರ ಬೆಂಕಿ?”

ಚಕ್ಕಡಿಯವರು ಇನ್ನಷ್ಟು ಹತ್ತಿರ ಬಂದರು.

“ಕೈ ಬಿಡವಾ,” ಎಂದರು ಸಾವ್ಕಾರರು ತಗ್ಗಿದ ದನಿಯಲ್ಲಿ.

“ನಾ ಎಲ್ಲಿ ಹಿಡದೇನ್ರಿ? ಭಾವು ಬ್ಯಾಡಾಗಿದ್ರ ನೀವ ಕೈ ತಕ್ಕೊಳ್ರಿ.”

ಅವಳು ನಿಜವಾಗಿ ಹಿಡಿದಿದ್ದಳೋ ಇಲ್ಲವೋ, ಟವೆಲಿನ ಕೆಳಗಿನದು ಯಾರಿಗೆ ಗೊತ್ತು? ಚುಟ್ಟಾದ ಕೆಂಡ ಬೆರಳಿಗೆ ತಾಗಿತ್ತು. ಸಾವ್ಕಾರರ ತುಟಿಗಳು ಅಲುಗಿದವು, ಮಾತು ಬಂದೇಬಿಟ್ಟಿತು ಎಂದುಕೊಂಡೆ. ಬರಲಿಲ್ಲ. ಅವರು ಎಡಗೈ ಮುಷ್ಟಿ ಕಟ್ಟಿ, ಉರಿಯುವ ಚುಟ್ಟಾವನ್ನು ಅಂಗೈಯೊಳಗೇ ಹೊಸಕಿದರು. ಸುಟ್ಟ ಚರ್ಮದ ವಾಸನೆ ಬಂತು. ಒಂದು ಕಿಡಿಯೂ ಕೆಳಗೆ ಬೀಳದ ಹಾಗೆ ನೋಡಿಕೊಂಡರು.

ದೊಡ್ಡವ್ವ ಟವೆಲಿನಿಂದ ಕೈ ತೆಗೆದು, “ಮಾರೂದಿಲ್ರಿ ನಿಮಗ,” ಎಂದಳು. ಆಮೇಲೆ ಸಿಪಾಯಿಯತ್ತ ತಿರುಗಿ, “ಏನ ನೋಡ್ತೀಪಾ? ದಂಡಾ ಹಾಕು,” ಎಂದಳು. ಅಷ್ಟು ಮಂದಿಯ ಎದುರಿಗೆ ಅವನು ಆಕಾಶ ನೋಡುವಂತಿರಲಿಲ್ಲ.

ಇಡೀ ಪೇಟೆ ವಾರಗಟ್ಟಲೆ ಆ ಕತೆ ಹೇಳಿ ನಕ್ಕಿತು. ನಾನೂ ನಕ್ಕೆ. ಕಾಲೇಜಿನಲ್ಲಿ ಅಹಿಂಸೆಯ ಭಾಷಣ ಕೇಳಿ ಚಪ್ಪಾಳೆ ತಟ್ಟಿದ ಅದೇ ಕೈಗಳು ಆ ಸುಟ್ಟ ಅಂಗೈಯನ್ನು ನೆನೆದು ಸುಖಪಟ್ಟವು. ಏಕೆ ಎಂದು ಆಗ ಕೇಳಿಕೊಳ್ಳಲಿಲ್ಲ, ಈಗ ಕೇಳಿಕೊಂಡರೂ ಆ ಸುಖ ಕಡಿಮೆಯಾಗುವುದಿಲ್ಲ. ದೊಡ್ಡವ್ವ ಮಾತ್ರ ನಗಲಿಲ್ಲ. “ಕೈ ಸುಟಗೊಂಡ. ಆದ್ರ ಬಾಯಿ ತಗೀಲಿಲ್ಲ,” ಎಂದಷ್ಟೇ ಹೇಳಿ ಮರುದಿನ ಎಂದಿನಂತೆ ಪೇಟೆಗೆ ಹೋದಳು.

ಬಹಳ ವರ್ಷಗಳ ಮೇಲೆ, ನಾನು ಧಾರವಾಡದಲ್ಲಿ ಮಾಸ್ತರಿಕೆ ಹಿಡಿದಿದ್ದಾಗ, ಸಾವ್ಕಾರರ ಮಗ ಈರಣ್ಣ ನನ್ನ ಮನೆ ಹುಡುಕಿಕೊಂಡು ಬಂದ.

“ಅಪ್ಪ ಹಾಸಿಗಿ ಹಿಡದಾನ್ರಿ. ನಿಮ್ಮ ದೊಡ್ಡವ್ವಗ ಒಂದ ಮಾತ ಹೇಳೂದೈತಿ ಅಂತ ಒಂದ ಸಮನ ಹಟಾ ಹಿಡದಾನ. ನೀವು ಕರದ್ರ ಬರ್ತಾರ್ರಿ.”

“ಏನು ಮಾತು?”

“ನಿಮಗ ಗೊತ್ತೈತಲ್ರಿ,” ಎಂದು ತಲೆ ತಗ್ಗಿಸಿದ. ಅಲ್ಲಿಯವರೆಗೆ ನನ್ನ ಮನಸ್ಸಿನ ಮೂಲೆಯಲ್ಲಿ, ದೊಡ್ಡವ್ವ ಕಂಡದ್ದು ಸುಳ್ಳಿರಬಹುದೇ ಎಂಬ ಅನುಮಾನವೊಂದು ಕುಳಿತಿತ್ತು. ಅಂದು ಅದು ಎದ್ದುಹೋಯಿತು.

ಅವನ ಜೊತೆಯೇ ಹುಬ್ಬಳ್ಳಿಗೆ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಈರಣ್ಣ ಹೇಳಿದ್ದನ್ನೆಲ್ಲ ಕೇಳಿದಳು. ಸೂಜಿ ನಿಲ್ಲಲಿಲ್ಲ.

“ಪ್ಯಾಟ್ಯಾಗ ಅಂದಾನ. ಪ್ಯಾಟ್ಯಾಗ ಬಂದ ಹೇಳಲಿ.”

“ಎದ್ದ ಕುಂದ್ರಾಕ ಆಗವಲ್ದವಾ ಅವಗ.”

“ಹಂಗಾರ ನೀ ಅದಿಯಲ್ಲ. ಅಪ್ಪನ ಪರವಾಗಿ ನೀ ನಿಂತ ಹೇಳು.”

ಈರಣ್ಣ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. “ಅದ ಹೆಂಗ ಆಗ್ತೈತವಾ? ನಾನೂ ಅಲ್ಲೇ ವ್ಯಾಪಾರ ಮಾಡಬೇಕಲ್ಲ,” ಎಂದ.

ದೊಡ್ಡವ್ವ ಆಗ ಸೂಜಿ ನಿಲ್ಲಿಸಿದಳು. “ನನ್ನ ಗಂಡನೂ ಅಲ್ಲೇ ವ್ಯಾಪಾರ ಮಾಡಬೇಕಿತ್ತಪಾ.”

ಸಾವ್ಕಾರರು ಅದೇ ವಾರ ತೀರಿಕೊಂಡರು. ಮಾತು ಅವರ ಜೊತೆಗೇ ಹೋಯಿತು.

ದೊಡ್ಡವ್ವನನ್ನು ನಾನು ಕೊನೆಯ ಸಲ ಕಂಡದ್ದು ಆ ವರ್ಷದ ಮಳೆಗಾಲದಲ್ಲಿ. ಕಣ್ಣು ಮಂಜಾಗಿ ಪೇಟೆಗೆ ಹೋಗುವುದನ್ನು ಬಿಟ್ಟಿದ್ದಳು. ಅವಳು ಹೋಗದ ಮೇಲೆ ಅಲ್ಲಿ ಮತ್ತೆ ಬೀಡಿ ಹೊಗೆ ಏಳುತ್ತಿದೆ ಎಂದು ಕೇಳಿದ್ದೆ, ಹೇಳಲಿಲ್ಲ. ಕೇಳಬಾರದೆಂದುಕೊಂಡೇ ಬಂದದ್ದನ್ನು ಮಾತ್ರ ಕೇಳಿಬಿಟ್ಟೆ.

“ದೊಡ್ಡವ್ವಾ, ಜೀವಮಾನವೆಲ್ಲಾ ಆ ಒಂದ ಮಾತಿಗಿ ಕಾದಿ. ಅಂವಾ ಹೇಳ್ತೇನಿ ಅಂದಾಗ ಒಮ್ಮೆ ಹೋಗಿ ಕೇಳಬೇಕಿತ್ತು. ಮನ್ಯಾಗಾದ್ರೇನು?”

ಅವಳು ಕೌದಿ ಎಳೆದುಕೊಂಡು ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಎಂದುಕೊಂಡೆ.

“ಹೋಗಿದ್ರ ಅಂವಾ ಹೇಳ್ತಿದ್ದ ತಮ್ಮಾ. ಹೇಳಿ ಅಳ್ತಿದ್ದ. ಸಾಯೋ ಮನಷ್ಯಾ ಅತ್ತರ, ‘ಇರಲಿ ಬಿಡ್ರಿ’ ಅಂತ ನಾ ಅನಬೇಕಾಗ್ತಿತ್ತು,” ಎಂದಳು. ಆಮೇಲೆ ಗೋಡೆಯ ಕಡೆಗೆ ಹೊರಳಿ ಮಲಗಿ ಹೇಳಿದಳು: “ಅದನ್ನ ನಾ ಅನಬಾರದು ಅಂತನ ಹೋಗಲಿಲ್ಲ.”