ನಾಗಲಿಂಗನ ಹೊಸ ಆಸಿಲೋಸ್ಕೋಪು

ಬೇಡವೆಂದರೆ ಶನಿವಾರ ಅಂಗಡಿ ಮುಚ್ಚುವುದರೊಳಗೆ ತಂದುಕೊಡಿ, ವಾಪಸ್ ತಗೊಳ್ಳುತ್ತೇನೆ ಎಂದು ಯಂತ್ರ ಮಾರಿದ ಬೆಳಗಾವಿಯ ಅಂಗಡಿಯ ಪ್ರಸಾದ ಮಾತು ಕೊಟ್ಟಿದ್ದ. ಆ ಮಾತೇ ಖಾನಾಪುರದ ಟಿವಿ ರಿಪೇರಿ ನಾಗಲಿಂಗನನ್ನು ಕೂತಲ್ಲಿ ಕೂರದಂತೆ ಮಾಡಿತ್ತು.

ವಿದ್ಯುತ್ತಿನ ಅಲೆಗಳನ್ನು ಪರದೆಯ ಮೇಲೆ ಬರೆದು ತೋರಿಸುವ ಅವನ ಹಳೆಯ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಅದರ ಜಾಗಕ್ಕೆ ಈ ಅಗ್ಗದ ಡಿಜಿಟಲ್ ಆಸಿಲೋಸ್ಕೋಪು ಬಂದಿತ್ತು. ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಅವನು ಇನ್ನೂ ಕಿತ್ತಿರಲಿಲ್ಲ. ವಿಭೂತಿ ಹಚ್ಚಲು ಬಂದ ತಾಯಿ ಬಸವಣ್ಣೆವ್ವನನ್ನೂ ತಡೆದಿದ್ದ.

"ವಿಭೂತಿ ಹಚ್ಚಿದ್ ಮ್ಯಾಲ ವಾಪಸ್ ಕೊಡಾಕ ಬರೂದಿಲ್ಲ, ಯವ್ವಾ."

"ಪೂಜಿ ಇಲ್ಲದ ಸಾಮಾನು ಕೆಲಸಕ್ಕ ಹಚ್ಚಿದಿ. ಸುಳ್ಳ ಹೇಳದ ಮತ್ತೇನ ಮಾಡತೈತಿ ಅದು?"

ಸುಳ್ಳು ಯಾರದೆಂಬುದೇ ಅವನ ಸಂಕಟ. ನಂದಗಡದ ಭರಮವ್ವನ ಟಿವಿ ಮೇಜಿನ ಮೇಲೆ ಬಾಯಿ ತೆರೆದು ಕೂತಿತ್ತು. ಸೆಕೆಂಡಿಗೆ ಸಾವಿರಗಟ್ಟಲೆ ಸಲ ಕುಣಿಯಬೇಕಾದ ಅಲೆ ಹೊಸ ಪರದೆಯ ಮೇಲೆ ಗಾಣದ ಎತ್ತಿನಂತೆ ನಡೆಯುತ್ತಿತ್ತು. ಒಳಗಿನ ಐಸಿ ಚಿಪ್ಪು ಕೆಟ್ಟುಹೋಗಿದೆ ಎಂದು ಆಕೆಗೆ ಹೇಳಿ, ಹೊಸದು ಹಾಕಿದ. ಅಲೆ ಮಾತ್ರ ಹಾಗೇ ಇತ್ತು. ಯಂತ್ರ ಸುಳ್ಳೋ, ಇಷ್ಟು ವರ್ಷ ಪಳಗಿದ ತನ್ನ ಕಣ್ಣು ಸುಳ್ಳೋ?

ಶನಿವಾರ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಾವಿಯ ಬಸ್ಸು ಹತ್ತಿದ. ಕೊಟ್ಟುಬಿಡೋಣ ಎಂದುಕೊಂಡ. ಕೊಟ್ಟರೆ ಮುಂದೆ ಬರಿಗಣ್ಣಿನಿಂದ ಏನು ರಿಪೇರಿ ಎಂದು ಮತ್ತೆ ಯೋಚಿಸಿದ. ದಾರಿಯುದ್ದಕ್ಕೂ ಡಬ್ಬಿಯ ದಾರ ಬಿಚ್ಚುವುದು, ಕಟ್ಟುವುದು ಇದೇ ಆಯಿತು.

"ಬರ್ರಿ ನಾಗಲಿಂಗಣ್ಣ, ಕುಂದರ್ರಿ," ಎಂದ ಪ್ರಸಾದ. "ತವರಮನಿಗೆ ಕರಕೊಂಡು ಬಂದ್ರೇನು? ತಗೋತೀನಿ. ಒಮ್ಮೆ ಹಚ್ಚಿ ನೋಡಿ ಇಟ್ಕೋತೀನಿ, ಅಷ್ಟ."

ಕೌಂಟರಿನ ಮೇಲೆ ಯಂತ್ರ ಹಚ್ಚಿ, ಪರೀಕ್ಷೆಗೆಂದು ವೇಗದ ಅಲೆಯೊಂದನ್ನು ಕೊಟ್ಟ. ಪರದೆಯ ಮೇಲೆ ಅದೇ ಗಾಣದೆತ್ತಿನ ನಡಿಗೆ. ಅಲೆಯನ್ನು ಎಷ್ಟು ವೇಗದಲ್ಲಿ ಬರೆಯಬೇಕೆಂದು ಹೇಳುವ ಕಾಲದ ಗುಂಡಿಯನ್ನು ಪ್ರಸಾದ ಒಂದು ಮನೆ ತಿರುಗಿಸಿದ. ಅಲೆ ಇನ್ನೊಂದೇ ವೇಷ ತೊಟ್ಟಿತು.

"ತಡೀರಿ!" ನಾಗಲಿಂಗ ಎದ್ದು ನಿಂತ. "ಅಲಿ ಖರೇ ಇದ್ರ ಗುಂಡಿ ತಿರುವಿದಷ್ಟ ಹಿಗ್ಗಬೇಕು. ಇದು ಬ್ಯಾರೇನ ಆತು."

ತಾನೇ ಗುಂಡಿಯನ್ನು ವೇಗದ ತುದಿಯವರೆಗೆ ತಿರುಗಿಸಿದ. ನಿಜವಾದ ಅಲೆ ಹಲ್ಲುಹಲ್ಲಾಗಿ ನಿಂತಿತು. ಅವನಿಗೆ ಈಗ ಹೊಳೆಯಿತು: ಈ ಯಂತ್ರ ರೆಪ್ಪೆ ಬಡಿಯುತ್ತ ನೋಡುತ್ತದೆ. ನಿಧಾನದ ಮನೆಯಲ್ಲಿಟ್ಟರೆ ರೆಪ್ಪೆಯೂ ನಿಧಾನ, ನಡುವಿನ ಕುಣಿತವೆಲ್ಲ ತಪ್ಪಿಹೋಗುತ್ತದೆ. ಹಳೆಯದರಲ್ಲಿ ನಿಧಾನದಿಂದ ಶುರುಮಾಡಿದರೆ ಬರೀ ದಪ್ಪ ಪಟ್ಟಿ ಕಾಣುತ್ತಿತ್ತು, ಮೋಸವಿರಲಿಲ್ಲ. ಅವನ ಬೆರಳು ಆ ರೂಢಿಯನ್ನೇ ಇಲ್ಲಿಗೂ ತಂದಿತ್ತು.

"ಹಂಗಾರ ಇಲ್ಲೇ ಬಿಡ್ತೀರೋ, ಒಯ್ತೀರೋ?"

"ಒಯ್ತೀನಿ. ಯಾವಾಗ ಸುಳ್ಳ ಹೇಳತೈತಿ ಅಂತ ಗೊತ್ತಾತಲ್ಲ."

ಮರುದಿನ ಹಳೆಯ ಐಸಿಯನ್ನೇ ತಿರುಗಿ ಕೂರಿಸಿ, ಗುಂಡಿಯನ್ನು ವೇಗದ ತುದಿಗೆ ತಿರುಗಿಸಿ ನೋಡಿದ; ಅಲೆ ಸರಿಯಾಗಿಯೇ ಕುಣಿಯುತ್ತಿತ್ತು, ಅಷ್ಟರಲ್ಲಿ ಭರಮವ್ವ ಬಂದಳು.

"ನಿಮ್ಮ ಹಳೇ ಐಸಿ ಚಲೋನ ಇತ್ರಿ, ಯಕ್ಕಾ. ನಾನ ತಪ್ಪು ನೋಡಿದೆ. ಅದನ್ನ ತಿರುಗಿ ಹಾಕೇನಿ."

"ಮತ್ತ ರೋಗ ಎಲ್ಲೈತೋ ತಮ್ಮಾ?"

"ಇನ್ನೂ ಗೊತ್ತಿಲ್ರಿ. ಕುಂದರ್ರಿ, ಹುಡುಕೂಣು," ಎನ್ನುತ್ತ ಅವನು ಯಂತ್ರದ ತಂತಿಯ ಕೊನೆಯ ಮುಟ್ಟುಕಡ್ಡಿಯನ್ನು ಮುಂದಿನ ಬೆಸುಗೆಗೆ ತಾಗಿಸಿದ.