ಆನೆ ಎಂದುಕೊಂಡ ರೆಕ್ಕೆಗಳು

ಲಕ್ಷ್ಮಿಯೂ ಇರಲಿಲ್ಲ, ಆನೆಗಳೂ ಇರಲಿಲ್ಲ. ಯಾವುದೋ ದೇಶದ ಹಳೆಯ ಬೆಳ್ಳಿ ನಾಣ್ಯಕ್ಕಾಗಿ ಸೊಸೆಯನ್ನು ಎರಡು ವರ್ಷ ಗಂಡನಿಂದ ದೂರ ಇಟ್ಟೆ. ನಡೆದದ್ದು ಇಷ್ಟೆ.

ಮಡಕಶಿರ ಕಡೆಯ ಗುಡಿಬಂಡೆ ಹತ್ತಿರದ ನಮ್ಮ ಮನೆಯಲ್ಲಿ ಆ ನಾಣ್ಯ ಹಿರಿಸೊಸೆಯ ತಾಳಿದಾರದಲ್ಲಿ ಇರಬೇಕು. ಒಂದು ಮಗ್ಗುಲಲ್ಲಿ ನಿಂತ ಹೆಂಗಸು, ಅವಳ ಎರಡೂ ಕಡೆ ಏನೋ ಉಬ್ಬು. ಗಜಲಕ್ಷ್ಮಿ ಎಂದು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅವಳ ಮೂಗನ್ನೇ ಸವೆಸಿದ್ದೆವು. ಇನ್ನೊಂದು ಮಗ್ಗುಲಲ್ಲಿ ಗಂಡಸಿನ ತಲೆ. ಅದನ್ನು ಮೈಕಡೆಗೆ ತಿರುಗಿಸಿ ಪೋಣಿಸುತ್ತಿದ್ದೆವು. ಹಾಕಿಕೊಂಡವಳು ಊರ ಗಡಿಯಾಚೆ ರಾತ್ರಿ ತಂಗಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನನ್ನತ್ತೆ ಹೇಳಿದ್ದಳು. ತವರಿಗೆ ಹೋದರೂ ನಾನು ಸಂಜೆಗೆ ವಾಪಸ್ಸು.

ಮಗ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿದ್ದ. ಸೊಸೆಗೂ ಹೊಲಿಗೆ ಮಿಷಿನ್ ಬರುತ್ತಿತ್ತು.

“ನಾನೂ ಹೋಗ್ತೀನತ್ತೆ. ಅಲ್ಲೇ ಹೊಲ್ಕಂಡು ಇಬ್ರೂ ಒಂದೇ ರೂಮ್ನಾಗೆ ಇರ್ತೀವಿ.”

“ಲಕ್ಷ್ಮೀನ ಯಾರು ಕಾಯ್ತಾರೆ? ನಿಮ್ಮಪ್ಪನಾ?”

ಅವಳು ಮತ್ತೆ ಕೇಳಲಿಲ್ಲ. ಹೀಗೇ ಎರಡು ವರ್ಷ ಕಳೆಯಿತು.

ತಾಳಿಗೆ ಹೊಸ ದಾರ ಹಾಕುವ ದಿನ ನಾಣ್ಯ ಅರಿಶಿನದ ತಟ್ಟೆಯಲ್ಲಿತ್ತು. ಪಕ್ಕದ ಮನೆಯ ಅಳಿಯ ಕಾಲೇಜಿನಲ್ಲಿ ಚರಿತ್ರೆ ಹೇಳುವವರು. ಕಾಫಿಗೆ ಬಂದವರು, ನೋಡಬಹುದೇ ಎಂದು ಕೇಳಿ ಅದನ್ನು ಬೆಳಕಿಗೆ ಹಿಡಿದರು.

“ಇದು ರೋಮಿನ ದುಡ್ಡು ಕಣಮ್ಮ, ಹಡಗಿನಾಗೆ ಬಂದಿರೋದು. ಇವು ಆನೆ ಅಲ್ಲ, ರೆಕ್ಕೆ. ಇವಳು ಗೆಲುವಿನ ದೇವತೆ. ಕೈಯಾಗಿರೋ ಹಾರ ಗೆದ್ದವ್ರ ತಲೆಗೆ ಇಡೋಕೆ.”

“ಹಿಂದ್ಗಡೆ ಇರೋನು?”

“ಅವ್ರ ರಾಜ.”

ಸೊಸೆ ಬಾಯಿಗೆ ಸೆರಗು ಹಿಡಿದಳು. “ಅಯ್ಯೋ ಅತ್ತೆ! ಇಷ್ಟು ದಿನ ನೀವೂ ನಾನೂ ಯಾವನೋ ರಾಜನ್ನ ಎದೆಗೆ ಅವಚ್ಕಂಡಿದ್ವಲ್ಲ!”

ನನಗೂ ನಗು ಬಂತು. ಆಮೇಲೆ ಸಿಟ್ಟು ಬಂತು, ನನ್ನ ಮೇಲೆಯೇ. ಸಮುದ್ರ ದಾಟಿ, ಎಷ್ಟೋ ಕೈ ಬದಲಿಸಿ ಬಂದವಳನ್ನು ಊರ ಗಡಿಯೊಳಗೆ ಕೂಡಿಹಾಕಿದ್ದೆ. ಜೊತೆಗೆ ಇವಳನ್ನೂ. ನಾಣ್ಯವನ್ನು ಹೊಸ ದಾರಕ್ಕೆ ಪೋಣಿಸಿ ಅವಳ ಕೈಗೆ ಕೊಟ್ಟೆ.

“ಹಾಕ್ಕ. ಬಟ್ಟೆ ಜೋಡಿಸ್ಕ, ರಾಯದುರ್ಗಕ್ಕೆ.”

“ನಿಜವಾ ಅತ್ತೆ?”

“ಇನ್ನೊಂದು ಸಲ ಕೇಳಿದ್ರೆ ಇಲ್ಲ ಅಂತೀನಿ.”

ಮರುದಿನ ಬೆಳಿಗ್ಗೆ ಆಟೋ ಹಿಡಿದು ಮಡಕಶಿರಕ್ಕೆ ಹೋದೆವು. ಬಸ್ಸಿನಲ್ಲಿ ಅವಳನ್ನು ಕಿಟಕಿ ಪಕ್ಕ ಕೂರಿಸಿ, ರಾಗಿಹಿಟ್ಟಿನ ಚೀಲವನ್ನು ಸೀಟಿನ ಕೆಳಗೆ ತಳ್ಳಿ, ನಾನೂ ಕೂತೆ. ಆ ರೂಮು ಹೇಗಿದೆಯೋ, ಒಂದೆರಡು ದಿನ ಇದ್ದು ನೋಡಬೇಕಲ್ಲ. ಕಂಡಕ್ಟರ್ ಬಂದಾಗ ಎರಡು ಟಿಕೆಟ್ ಕೇಳಿದೆ.