ನನ್ನ ಖಾರಾ, ಅವಳ ನಂಬರು

ಹುಮನಾಬಾದಿನ ಮೈದುನನ ಮನೆಗೆ ಹೋದಾಗಲೆಲ್ಲ ನಾನು ಬಾಗಿಲ ಕಡೆ ಮುಖ ಮಾಡಿಯೇ ಕೂಡುತ್ತಿದ್ದೆ. ಬೆನ್ನ ಹಿಂದಿನ ಗೋಡೆಯಲ್ಲಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತನ್ನ ಆಹಾರ ಲೈಸನ್ಸಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಳು. ಅದರಲ್ಲಿ ಅವಳ ಫೋಟೋ ಅಂಚೆಚೀಟಿಯಷ್ಟೇ ಇತ್ತು, ನನಗೆ ಮಾತ್ರ ಗೋಡೆ ತುಂಬ ಅವಳೇ ಕಾಣುತ್ತಿದ್ದಳು.

ಮಸಾಲೆ ಖಾರಾ ಮಾಡುವುದನ್ನು ಅವಳಿಗೆ ಕಲಿಸಿದವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಮೆಣಸಿನಕಾಯಿ ತೊಟ್ಟು ಮುರಿದರೆ ಕೈ ಉರಿಯುತ್ತದೆಂದು ಅಳುತ್ತಿದ್ದಳು. ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು, ಒಣಕೊಬ್ಬರಿ ಯಾವ ಬಣ್ಣಕ್ಕೆ ಬಂದಾಗ ಒಲೆಯಿಂದ ಇಳಿಸಬೇಕು, ಎಲ್ಲವನ್ನೂ ಬಸವಕಲ್ಯಾಣದ ನನ್ನ ಅಡುಗೆಮನೆಯಲ್ಲೇ ಕಲಿತಳು. ಕಲಿತು ಹುಮನಾಬಾದಿಗೆ ಹೋಗಿ ಲೈಸನ್ಸು ತೆಗೆಸಿ, ಕೆಂಪು ಪ್ಯಾಕೆಟ್ಟಿನ ಮೇಲೆ ನಂಬರು ಅಚ್ಚು ಹಾಕಿಸಿದಳು.

ನನ್ನ ಖಾರಾ ಕೋಟೆ ದಾರಿಯ ಕಿರಾಣಿ ಅಂಗಡಿಯೊಂದರಲ್ಲಿ ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲೇ ವರ್ಷಗಟ್ಟಲೆ ಮಾರಾಟವಾಗುತ್ತಿತ್ತು. ಒಂದು ದಿನ ಆ ಅಂಗಡಿಯ ಸಾಹೇಬರು ಚೀಲಗಳನ್ನು ನನ್ನ ಮುಂದೆಯೇ ಹಲಗೆಯಿಂದ ಕೆಳಗಿಳಿಸಿದರು. ತಪಾಸಣೆಯವರು ಬಂದು ಹೋಗಿದ್ದರಂತೆ.

"ಬಾಯಿ, ನಂಬರ್ ಇಲ್ಲದ ಮಾಲು ಇಟ್ಟರ ನನ್ನ ದುಕಾನಕ್ಕೇ ತಕಲೀಫ್ ಆಗ್ತದ. ಲಗ್ನದ ಸೀಜನ್ ಚಾಲೂ ಆಗೋತನಕ ನಿಮ್ಮ ಜಾಗಾ ಹಿಡಿತೇನಿ. ಆಮ್ಯಾಲೆ ನನ್ನ ಕೈಯಾಗಿಲ್ಲ."

ಜಾಗ ಹಿಡಿಯುತ್ತೇನೆ ಅಂದವರು ಅದರ ಪಕ್ಕದಲ್ಲಿಯೇ ಕೆಂಪು ಪ್ಯಾಕೆಟ್ಟು ಜೋಡಿಸಿದ್ದರು. ಆ ದಿನ ಮನೆಗೆ ಬಂದು ಸಾರಿಗೆ ಖಾರಾ ಹಾಕುವುದನ್ನೇ ಮರೆತೆ.

ಮರುದಿನ ಆಧಾರ್ ಕಾರ್ಡು, ಕರೆಂಟ್ ಬಿಲ್ಲು, ಫೋಟೋ ಹಿಡಿದು ಕಂಪ್ಯೂಟರ್ ಸೆಂಟರಿಗೆ ಹೋದೆ. ಅಲ್ಲಿ ಅರ್ಜಿ ತುಂಬುವವಳು ಮೈಸೂರು ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ಮಾತು ಬಲು ನಯ. ಏನು ತಯಾರಿಸುತ್ತೀರಿ ಎಂದು ಕೇಳಿದಳು. ಖಾರಾ ಎಂದೆ. ಯಾವ ಖಾರ ಎಂದಳು. ಮಸಾಲೆ ಖಾರಾ, ಮನೆಯಲ್ಲೇ ಮಾಡುತ್ತೇನೆ ಎಂದೆ. ತನಗೂ ಅದು ಬಹಳ ಇಷ್ಟ, ಸಂಜೆ ಚಹಾದ ಜೊತೆ ಬೇಕೇ ಬೇಕು ಎಂದಳು. ಚಹಾದ ಜೊತೆ ಖಾರಾ ಯಾರು ತಿನ್ನುತ್ತಾರೆ ಎಂದು ನನಗೆ ಒಂದು ಗಳಿಗೆ ಅನಿಸಿತು. ಅವರ ಕಡೆಯ ರೂಢಿ ಇರಬೇಕು ಎಂದುಕೊಂಡು ಆಧಾರ್ ಕಾರ್ಡು ಅವಳ ಮುಂದೆ ಇಟ್ಟೆ.

ಕೆಲ ದಿನಗಳಲ್ಲಿ ಲೈಸನ್ಸು ಬಂತು. ಎಲ್ಲ ಇಂಗ್ಲಿಷಿನಲ್ಲಿತ್ತು, ನಾನು ನೋಡಿದ್ದು ನನ್ನ ಫೋಟೋ ಮತ್ತು ನಂಬರು ಎರಡೇ. ನೆಗೆಣ್ಣಿಯದಕ್ಕಿಂತ ದೊಡ್ಡ ಕಟ್ಟು ಹಾಕಿಸಿದೆ. ಆ ಭಾನುವಾರ ಬೇಕೆಂದೇ ಹೋಳಿಗೆ ಮಾಡಿ ಅವಳನ್ನು ಊಟಕ್ಕೆ ಕರೆದೆ, ಲೈಸನ್ಸಿನ ಎದುರೇ ತಟ್ಟೆ ಹಾಕಿದೆ. ಅವಳು ಡಿಗ್ರಿ ಓದಿದವಳು. ತುಪ್ಪದ ಕೈ ಹಾಗೇ ಎತ್ತಿಹಿಡಿದು ಕೆಳಗಿನ ಸಾಲು ಓದಿದಳು.

"ಅಕ್ಕಾ, ಚಿವಡಾ ಯಾವಾಗ ಚಾಲೂ ಮಾಡೀರಿ?"

"ಯಾವ ಚಿವಡಾ?"

"ಇದ್ರಾಗ ಕರಿದ ತಿಂಡಿ ಅಂತ ಬರದಾರ್ರಿ. ಖಾರದ ಪುಡಿ ಹೆಸರೇ ಇಲ್ಲ."

ಆಗ ಚಹಾದ ಗುಟ್ಟು ತಿಳಿಯಿತು. ಮೈಸೂರು ಕಡೆ ಬೇಕರಿಯಲ್ಲಿ ಖಾರ ಕೇಳಿದರೆ ಕೊಡುವುದು ನಮ್ಮ ಚಿವಡಾ! ನಮ್ಮಲ್ಲಿ ಖಾರಾ ಎಂದರೆ ಮೆಣಸಿನಪುಡಿ ಬಿಟ್ಟು ಬೇರೆ ಇಲ್ಲ. ನೆಗೆಣ್ಣಿ ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಎದುರಿಗೇ ನಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಕನಿಕರದಿಂದಲೇ ಹೇಳಿದಳು.

"ತಿದ್ದಿ ಬರೋತನಕ ನಿಮ್ಮ ಖಾರಾ ನನ್ನ ಪ್ಯಾಕೆಟಿನಾಗ ಹಾಕ್ರಿ ಅಕ್ಕಾ. ನಂಬರ್ ಅದ, ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತಾಗ್ತದ," ಎಂದೆ.

ಆ ನಂಬರು ಅವಳ ಮನೆಯಲ್ಲಿ ಮಾಡಿದ್ದಕ್ಕೆ ಮಾತ್ರ, ಇನ್ನೊಂದು ಮನೆಯ ಮಾಲಿಗೆ ಹಚ್ಚಿದರೆ ತಪ್ಪು ಎಂದೂ ಹೇಳಿದೆ. ಕಾಯಿದೆ ಅದೇ, ಸುಳ್ಳಲ್ಲ. ಹೊಟ್ಟೆಯಲ್ಲಿದ್ದದ್ದು ಬೇರೆ. ನಾನು ಹುರಿದ ಕೊಬ್ಬರಿಯ ವಾಸನೆ ತೆಗೆದುಕೊಂಡು ಜನ ಅವಳ ಹೆಸರು ಓದುತ್ತಾರಲ್ಲ, ಅದನ್ನು ನೆನೆಸಿಕೊಂಡೇ ನನ್ನ ತಟ್ಟೆಯ ಹೋಳಿಗೆ ಬದಿಗೆ ಸರಿಸಿದೆ.

ತಿದ್ದುಪಡಿಗೆ ಮತ್ತೆ ಅರ್ಜಿ ಹಾಕಿಸಿದೆ. ಸೆಂಟರಿನವಳು ಪಾಪ, ಎಷ್ಟೋ ಸಲ ಕ್ಷಮೆ ಕೇಳಿದಳು. ಸಾಹೇಬರಿಗೆ ನಡೆದದ್ದು ಹೇಳಿದಾಗ ಅವರು ಗಲ್ಲಾದ ಮೇಲೆ ಬಗ್ಗಿ ನಕ್ಕರು. ಕಾಗದದಲ್ಲಿ ಚಿವಡಾ ಇದ್ದರೆ ಸದ್ಯಕ್ಕೆ ಚಿವಡಾನೇ ತನ್ನಿ, ಜಾಗ ನಿಮ್ಮದೇ ಇರುತ್ತದೆ ಎಂದರು. ಹೀಗಾಗಿ ಅವಲಕ್ಕಿ, ಶೇಂಗಾ, ಪುಟಾಣಿ, ಕರಿಬೇವು ಕರಿಯುತ್ತ ಕೂತೆ. ನನಗೆ ಬೇಡದ ಕೆಲಸ. ಆದರೆ ಆ ಜಾಗ ಕೆಂಪಾಗಲು ಬಿಡಲಿಲ್ಲ.

ಲಗ್ನದ ಸೀಜನ್ನಿಗೆ ಮೊದಲೇ ತಿದ್ದಿದ ಲೈಸನ್ಸು ಬಂತು. ನನ್ನ ಹೆಸರು, ನನ್ನ ನಂಬರು ಹಚ್ಚಿದ ಖಾರಾ ಕೆಂಪು ಪ್ಯಾಕೆಟ್ಟಿನ ಪಕ್ಕಕ್ಕೆ ಏರಿತು. ಅದನ್ನು ಇಟ್ಟ ದಿನವೇ ನಾರಾಯಣಪುರದ ಒಬ್ಬ ಹೆಂಗಸು ಬಂದು, ಎರಡರಲ್ಲಿ ಯಾವುದು ಚೊಲೊ ಎಂದು ಸಾಹೇಬರನ್ನು ಕೇಳಿದಳು. ನಾನು ಗಲ್ಲಾದ ಪಕ್ಕದಲ್ಲೇ ನಿಂತಿದ್ದೆ.

"ಎರಡೂ ಒಂದೇ ಮನಿವು. ಯಾವುದಾದ್ರೂ ಒಯ್ರಿ," ಎಂದರು ಸಾಹೇಬರು.

ಅವಳು ಕೆಂಪಿನದು ಒಯ್ದಳು. ಅವಳು ದಾರಿಗೆ ಇಳಿದ ಮೇಲೆ, ಸಾಹೇಬರು ಅತ್ತ ತಿರುಗಿದಾಗ, ನನ್ನ ಪ್ಯಾಕೆಟ್ಟುಗಳ ಸಾಲನ್ನು ಒಂದು ಬೆರಳಷ್ಟು ಮುಂದಕ್ಕೆ ಎಳೆದಿಟ್ಟು ಬಂದೆ.